ಸ್ವೀಟ್ ಪೀ ಬಳ್ಳಿಯ ಬಹುಮುಖಿ ನೆಲೆಗಳು: ಒಂದು ತಾತ್ವಿಕ ಅನುಸಂಧಾನ

ಸ್ವೀಟ್ ಪೀಯನ್ನು ಬರೀ ಬಳ್ಳಿಯೆಂದು ನೋಡುವ ಮುಗ್ಧತೆಯನ್ನು ಪ್ರಸ್ತುತ ಪ್ರಬಂಧವು ಮೊದಲಿಗೇ ನಿರಾಕರಿಸುತ್ತದೆ. ಬಳ್ಳಿ ಒಂದು ಪಠ್ಯ. ಕುಂಡ ಅದರ ಸಂದರ್ಭ. ಗೊಬ್ಬರವೆಂದರೆ ಪೂರ್ವಸೂರಿಗಳು ಬಿಟ್ಟುಹೋದದ್ದು. ಈ ಹಿನ್ನೆಲೆಯಲ್ಲಿ ವಿಷಯವನ್ನು ಐದು ನೆಲೆಗಳಲ್ಲಿ ಮುಖಾಮುಖಿಯಾಗಲಾಗುವುದು: ಚಾರಿತ್ರಿಕ, ಬೈಜಿಕ, ಆರೋಹಣಾತ್ಮಕ, ಗಂಧಮೀಮಾಂಸಕ ಮತ್ತು, ಐದಾದರೂ ಇರಲಿ ಎಂದು ಮಾರ್ಗದರ್ಶಕರು ಹೇಳಿದ್ದರಿಂದ, ಸಮಕಾಲೀನ.

ಚಾರಿತ್ರಿಕ ನೆಲೆ: 1699ರಲ್ಲಿ ಸಿಸಿಲಿಯ ಸನ್ಯಾಸಿ ಫ್ರಾನ್ಸೆಸ್ಕೊ ಕುಪಾನಿ ಇಂಗ್ಲೆಂಡಿನ ಎನ್‌ಫೀಲ್ಡ್‌ನಲ್ಲಿದ್ದ ಶಾಲಾಮಾಸ್ತರ ರಾಬರ್ಟ್ ಯುವೆಡೇಲ್‌ಗೆ ಬೀಜ ಕಳಿಸಿದ. ‘ಬೀಜ ಕಳಿಸಿದ’ ಎನ್ನುವುದು ಅಶಾಸ್ತ್ರೀಯ. ‘ಜೈವಿಕ ಸಂಕಥನವೊಂದು ಭೌಗೋಳಿಕ ಗಡಿಗಳನ್ನು ಉಲ್ಲಂಘಿಸಿತು’ ಎನ್ನತಕ್ಕದ್ದು. ಆ ಮೂಲ ಹೂವು ಪುಟ್ಟದು, ಎರಡು ಬಗೆಯ ನೇರಳೆ, ಘಮವೋ ಘಮ. ವೆಮ್ ಊರಿನ ಹೆನ್ರಿ ಎಕ್‌ಫರ್ಡ್ ಅದನ್ನು ದೊಡ್ಡದು ಮಾಡಿದ. 1901ರಲ್ಲಿ ಆಲ್ತಾರ್ಪ್ ಅರಮನೆಯ ತೋಟಗಾರ ಸೈಲಸ್ ಕೋಲ್ ಅಲೆಅಲೆ ಅಂಚಿನ ‘ಕೌಂಟೆಸ್ ಸ್ಪೆನ್ಸರ್’ ತೋರಿಸಿದ ಮೇಲೆ ಎಲ್ಲರಿಗೂ ನೆರಿಗೆಯ ಹುಚ್ಚು. ನೆರಿಗೆ ಹೆಚ್ಚಿಸುವ ಭರದಲ್ಲಿ ಎಷ್ಟೋ ತಳಿಗಳಲ್ಲಿ ಪರಿಮಳ ಸೋರಿಹೋಯಿತು.

ಬೈಜಿಕ ನೆಲೆ: ‘ಆವರಣಭಂಜನ’ ಎಂಬ ಪರಿಕಲ್ಪನೆ ಇಲ್ಲಿ ಮುಖ್ಯ. ಅಂದರೆ, ಬೀಜದ ಸಿಪ್ಪೆ ಗಟ್ಟಿ. ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆಗೂ ಉಬ್ಬದೇ ಉಳಿದವನ್ನು ಕಣ್ಣಿನ ಎದುರು ಬದಿಯಲ್ಲಿ ಬ್ಲೇಡಿನಿಂದ ತುಸು ಗೀರಬೇಕು. ಬೆಂಗಳೂರಿನಲ್ಲಾದರೆ ಮಳೆ ಹಿಂದಾಗುವ ಹೊತ್ತಿಗೆ, ಅಕ್ಟೋಬರಿನ ಆಸುಪಾಸು, ಒಂದು ಅಂಗುಲ ಆಳದಲ್ಲಿ ಊರಬೇಕು. ಬೀಜ ವಿಷ, ಬಾಯಿಗಿಡಬಾರದು; ಕುಖ್ಯಾತ ಕೇಸರಿ ಬೇಳೆ ಇದರ ದಾಯಾದಿ.

ಇದೇ ನೆಲೆಯಲ್ಲಿ ಇನ್ನೊಂದು ಸಂಗತಿ. ಕಳೆದ ಶತಮಾನದ ಆರಂಭದಲ್ಲಿ ಬೇಟ್ಸನ್, ಪನೆಟ್ ಎಂಬ ವಿಜ್ಞಾನಿಗಳು ಬಿಳಿ ಹೂವಿನ ಎರಡು ಸ್ವೀಟ್ ಪೀ ತಳಿಗಳನ್ನು ಕೂಡಿಸಿದರು. ಹುಟ್ಟಿದ ಗಿಡಗಳೆಲ್ಲ ನೇರಳೆ ಹೂ ಬಿಟ್ಟವು. ಅಪ್ಪ ಬಿಳಿ, ಅಮ್ಮ ಬಿಳಿ, ಮಕ್ಕಳೆಲ್ಲ ನೇರಳೆ! ಈ ವಿಷಯದಲ್ಲಿ ಅಣಕಿಸಲು ನನಗೆ ಬಾಯಿ ಬರುತ್ತಿಲ್ಲ.

ಆರೋಹಣಾತ್ಮಕ ನೆಲೆ: ಮೂರು ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿದರೆ ಕವಲೊಡೆಯುತ್ತದೆ. ಇದನ್ನು ‘ಕೇಂದ್ರದ ನಿರಾಕರಣೆಯ ಮೂಲಕ ಅಂಚುಗಳ ಸಬಲೀಕರಣ’ ಎಂದು ಅರ್ಥೈಸಬಹುದು. ಅರ್ಥೈಸಿದವರೂ ಇದ್ದಾರೆ. ಉಳಿದ ಎರಡು ನೆಲೆ ಯಾರಿಗೆ ಬೇಕೋ ಅವರು ಬರೆದುಕೊಳ್ಳಲಿ, ನನಗೆ ಸಾಕಾಗಿದೆ.

ಅರ್ಥೈಸಿದವರನ್ನು ನಾನು ಕಣ್ಣಾರೆ ಕಂಡದ್ದು ಒಂದು ಜನವರಿಯ ವಿಚಾರ ಸಂಕಿರಣದಲ್ಲಿ. ಅತಿಥಿಗಳಿಗೆಲ್ಲ ಪ್ಲಾಸ್ಟಿಕ್ ಸುತ್ತಿದ ಜರ್ಬೆರಾ ಕೊಟ್ಟರು. ಕಿಟಕಿಯಾಚೆ ಆಳೆತ್ತರದ ಸ್ವೀಟ್ ಪೀ ಸಾಲು, ಗುಲಾಬಿ, ನೀಲಿ, ಕೆನೆಬಣ್ಣ. ವಿದ್ವಾಂಸರು ಒಂದೂಕಾಲು ಗಂಟೆ ಮಾತಾಡಿದರು. ನೆಲೆ ಎಂದು ಮೂವತ್ತೊಂದು ಸಲ ಅಂದರು (ಆಹ್ವಾನ ಪತ್ರಿಕೆಯ ಬೆನ್ನಿಗೆ ಗೀಟು ಹಾಕಿ ಎಣಿಸಿದ್ದೇನೆ), ನೆಲ ಎಂದು ಒಂದು ಸಲವೂ ಅನ್ನಲಿಲ್ಲ. ಕೊನೆಗೆ ಕಿಟಕಿಯತ್ತ ಕೈ ಚಾಚಿ, “ಆ ಬಟಾಣಿ ಬಳ್ಳಿಯನ್ನೇ ನೋಡಿ, ಅದು ಹಸಿವಿನ ರೂಪಕ” ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಪ್ರಮಾಣಪತ್ರ ಬೇಕಿತ್ತು.

ಹೊರಗೆ ಬಂದರೆ ಮಾಲಿಗೆ ಬೈಗುಳ ನಡೆದಿತ್ತು. ಹೂ ಕಿತ್ತನಂತೆ. ‘ಹೂ ಕೀಳಬಾರದು’ ಎಂಬ ಬೋರ್ಡು ಓದಲು ಬರುವುದಿಲ್ಲವೇ, ಸಂಬಳ ಹಿಡಿಯಬೇಕಾಗುತ್ತದೆ, ಇತ್ಯಾದಿ. ಬೈಯುತ್ತಿದ್ದವನಿಗೆ ಅವರ ಅರ್ಧ ವಯಸ್ಸು; ಏಕವಚನದಲ್ಲೇ ಬೈಯುತ್ತಿದ್ದ. ಒಳಗೆ ಅಂಚಿನವರ ಸಬಲೀಕರಣ ಇನ್ನೂ ಮುಗಿದಿರಲಿಲ್ಲ. ಮೈಯೆಲ್ಲ ಉರಿಯಿತು, ಆದರೆ ಬಾಯಿ ತೆರೆಯಲಿಲ್ಲ. ಅದನ್ನೂ ಇಲ್ಲೇ ಬರೆದಿಡುತ್ತೇನೆ.

ಅವನು ಹೋದ ಮೇಲೆ, “ಯಾಕ್ ಕಿತ್ರಿ ಯಜಮಾನ್ರೇ?” ಎಂದೆ.

“ಕೀಳ್ದೆ ಬಿಟ್ರೆ ಕಾಯಿ ಕಟ್ತದೆ ಸಾ. ಕಾಯಿ ಕಟ್ತು ಅಂದ್ರೆ ಗಿಡ ಹೂ ಬಿಡೋದ್ ನಿಲ್ಲಿಸ್ಬಿಡ್ತದೆ. ದಿನಾ ಕಿತ್ರೇನೇ ದಿನಾ ಹೂವು.” ಮಣ್ಣು ಮೆತ್ತಿದ ಬೆರಳಲ್ಲಿ ಹಿಡಿದಿದ್ದ ನಾಲ್ಕು ದಂಟನ್ನು ನನ್ನ ಮೂಗಿನ ಹತ್ತಿರ ತಂದರು. “ಈ ನೇರಳೇದು ಮೂಸ್ನೋಡಿ. ಉಳಿದಿದ್ ಬರೀ ಬಣ್ಣ.”

ಪ್ರಮಾಣಪತ್ರದಲ್ಲಿ ನನ್ನ ಹೆಸರು ತಪ್ಪಾಗಿ ಅಚ್ಚಾಗಿತ್ತು. ತಿದ್ದಿಸಲು ಮೂರು ವಾರದ ನಂತರ ಹೋದೆ. ಸಾಲಿನುದ್ದಕ್ಕೂ ಕಾಯಿ, ತುದಿಯಲ್ಲಿ ಒಂದೇ ಒಂದು ಬಾಡಿದ ಹೂವು. ಬೋರ್ಡಿಗೆ ಹೊಸದಾಗಿ ಬಣ್ಣ ಬಳಿದಿದ್ದರು.