ಅದತ್ತಧನ ಮೀಮಾಂಸೆ ಅಥವಾ ಕೊಡದ ಬಹುಮಾನದ ಮಹಿಮೆ
ನಗದು ಬಹುಮಾನದಿಂದ ಆವಿಷ್ಕಾರ ಹುಟ್ಟುವುದೋ ಇಲ್ಲವೋ ಎಂದು ಅರ್ಥಶಾಸ್ತ್ರಜ್ಞರು ಇನ್ನೂ ಜಗಳಾಡುತ್ತಿದ್ದಾರೆ. ಗೋವಾದ ಚರಿತ್ರೆ ಬಲ್ಲವರಿಗೆ ಇದು ನಾಲ್ಕು ಶತಮಾನಗಳ ಹಿಂದೆಯೇ ತೀರ್ಮಾನವಾದ ಸಂಗತಿ: ಬಹುಮಾನವನ್ನು ಸಾರಿದರೆ ಫಲ, ಕೊಟ್ಟರೆ ನಷ್ಟ. ಪ್ರಮಾಣ ಹೀಗಿದೆ. ಲಿಸ್ಬನ್‌ನಿಂದ ಗೋವೆಗೆ ಹೊರಟ ಹಡಗುಗಳಿಗೆ ನಡುಗಡಲಲ್ಲಿ ತಾವಿರುವ ರೇಖಾಂಶ ತಿಳಿಯುತ್ತಿರಲಿಲ್ಲ. ಸ್ಪೇನ್, ಪೋರ್ಚುಗಲ್, ಜೊತೆಗೆ ಗೋವೆಯನ್ನೂ ಆಳುತ್ತಿದ್ದ ಮೂರನೇ ಫಿಲಿಪ್ 1598ರಲ್ಲಿ, ಉಪಾಯ ಕಂಡುಹಿಡಿದವನಿಗೆ ಸಾವಿರಾರು ಡುಕಾಟ್, ಬದುಕಿರುವವರೆಗೆ ವರ್ಷಾಶನ ಎಂದು ಸಾರಿದ. ಗೆಲಿಲಿಯೊ ಗುರುಗ್ರಹದ ಚಂದ್ರರನ್ನೇ ಗಡಿಯಾರ ಮಾಡಿಕೊಂಡು, ಓಲಾಡುವ ಹಡಗಿನಿಂದ ಅವನ್ನು ನೋಡಲು ದೂರದರ್ಶಕ ಜೋಡಿಸಿದ ಶಿರಸ್ತ್ರಾಣವನ್ನೂ ತಯಾರಿಸಿದ. ಗೋವೆಗೆ ಬಂದುಹೋದ ಜೆಸ್ವಿಟ್ ಪಾದ್ರಿ ಕ್ರಿಸ್ತೊಫೊರೊ ಬೊರ್ರಿ ದಿಕ್ಸೂಚಿಯ ಮುಳ್ಳಿನ ವಾಲಿಕೆಯನ್ನು ನಂಬಿದ. ಪೂರ್ಣ ಬಹುಮಾನ ಯಾರಿಗೂ ಸಿಗಲಿಲ್ಲ. ಮೂಗಿಗೆ ಸವರಿದ ತುಪ್ಪದಿಂದಲೇ ಇಷ್ಟು ವಿಜ್ಞಾನ ನಡೆದಿರುವಾಗ ಬಾಯಿಗೆ ಬಡಿಸುವ ದುಂದೇಕೆ?

ಪೂರ್ವಪಕ್ಷದವರು ಬ್ರಿಟಿಷರ 1714ರ ರೇಖಾಂಶ ಕಾಯಿದೆಯನ್ನು ಮುಂದಿಡುತ್ತಾರೆ. ಬಹುಮಾನ 20,000 ಪೌಂಡ್. ಬಡಗಿಯ ಮಗ ಜಾನ್ ಹ್ಯಾರಿಸನ್ ಹಡಗಿನಲ್ಲೂ ತಪ್ಪದ ಗಡಿಯಾರ ಮಾಡಿದ, ದುಡ್ಡೂ ಪಡೆದ. ಪಡೆದದ್ದು ನಿಜ, ಕಂತುಕಂತಾಗಿ. ಪಾರ್ಲಿಮೆಂಟಿನ ಕೊನೆಯ 8,750 ಪೌಂಡ್ ಬಂದದ್ದು 1773ರಲ್ಲಿ, ಅವನಿಗೆ ಎಂಬತ್ತಾದಾಗ. ಮೊದಲೇ ಕೊಟ್ಟಿದ್ದರೆ ಒಂದಾದ ಮೇಲೊಂದು ಗಡಿಯಾರ ಯಾಕೆ ಮಾಡುತ್ತಿದ್ದ? ಬೆಂಗಳೂರಿನ ಟೀಮ್ ಇಂಡಸ್ ಸೆಣಸಿದ್ದ, ಚಂದ್ರನ ಮೇಲೆ ನೌಕೆ ಇಳಿಸುವ ಗೂಗಲ್ ಸ್ಪರ್ಧೆಯೂ 2018ರಲ್ಲಿ ವಿಜೇತರಿಲ್ಲದೆ ಮುಗಿಯಿತು. ದೊಡ್ಡ ಬಹುಮಾನ ಸುರಕ್ಷಿತವಾಗಿ ಉಳಿಯಿತು. ತಂಡಗಳು ಮಾತ್ರ ಅಷ್ಟರಲ್ಲಿ ನೌಕೆ ಕಟ್ಟುವುದನ್ನು ಕಲಿತಿದ್ದವು. ಗೋವಾ ಸರ್ಕಾರ ಯುವ ವಿಜ್ಞಾನಿಗೆ ಮನೋಹರ್ ಪರ್ರಿಕರ್ ಹೆಸರಲ್ಲಿ ಐದು ಲಕ್ಷ ರೂಪಾಯಿಯನ್ನು ನಿಜವಾಗಿಯೇ ಕೊಡುತ್ತದಲ್ಲ ಎಂದರೆ, ಅದು ಮಾಡಿ ಮುಗಿಸಿದ ಕೆಲಸಕ್ಕೆ ಸಲ್ಲುವ ಸನ್ಮಾನ. ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬಾರದು.

ಒಂದು ಆಕ್ಷೇಪ ಮಾತ್ರ ಗಟ್ಟಿಯಾದದ್ದು: ಎಂದೂ ಕೊಡದ ಬಹುಮಾನವನ್ನು ಯಾರು ನಂಬುತ್ತಾರೆ? ಇದಕ್ಕೆ ಪರಿಹಾರ ಲಂಡನ್ನಿನಲ್ಲೇ ಇದೆ. ಚಂದ್ರನ ಚಲನೆಯಿಂದ ರೇಖಾಂಶ ಅಳೆಯುವ ಪಕ್ಷದ ಖಗೋಳಜ್ಞ ನೆವಿಲ್ ಮ್ಯಾಸ್ಕೆಲಿನ್ನನೇ ಹ್ಯಾರಿಸನ್ನನ ಗಡಿಯಾರ ಪರೀಕ್ಷಿಸುವ ಮಂಡಳಿಯಲ್ಲಿದ್ದ. ಪ್ರತಿಸ್ಪರ್ಧಿ ತೀರ್ಪುಗಾರನಾದರೆ ಬಹುಮಾನದ ಮೇಲೆ ನಂಬಿಕೆಯೂ ಉಳಿಯುತ್ತದೆ, ಬಹುಮಾನವೂ ಉಳಿಯುತ್ತದೆ. ಆದ್ದರಿಂದ, ತೆಂಗಿನಕಾಯಿ ಕೀಳುವ ಪಾಡೇಲಿಗಳು ಸಿಗದ ಗೋವಾದಲ್ಲಿ ಮರ ಹತ್ತುವ ಯಂತ್ರಕ್ಕೆ ಒಂದು ಕೋಟಿ ರೂಪಾಯಿ ಘೋಷಿಸತಕ್ಕದ್ದು. ತೀರ್ಪುಗಾರರ ಮಂಡಳಿಗೆ ಉಳಿದಿರುವ ಪಾಡೇಲಿಗಳನ್ನೇ ನೇಮಿಸತಕ್ಕದ್ದು.