ಸುಂಕದ ಕಟ್ಟೆಯಲ್ಲಿ ಸುಮಾತ್ರಾದ ಅಡಿಕೆ

ಚೆನ್ನೈ ಬಂದರಿನಿಂದ ತುಸು ದೂರದಲ್ಲಿ ಕಂಟೇನರ್‌ಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಯಾರ್ಡು. ಕಾದ ತಗಡು, ಗೋಣಿಯ ಮುಗ್ಗಲು ವಾಸನೆ. ಸೀಲು ಒಡೆದು ಮತ್ತೆ ಹೊಸ ಸೀಲು ಹಾಕಿದ ನಲವತ್ತಡಿ ಕಂಟೇನರೊಂದರ ಒಳಗೆ, ಸ್ಯಾಂಪಲ್‌ಗೆಂದು ಕೊಯ್ದ ಚೀಲದ ಬಾಯಲ್ಲಿ, ಹೋಳಾದ ಅಡಿಕೆಯೊಂದು ಕೂತಿತ್ತು. ಒಳಗಿನ ಬಣ್ಣ ನೋಡಲೆಂದು ಅಧಿಕಾರಿಯೊಬ್ಬರು ಅದನ್ನು ಚಾಕುವಿನಿಂದ ಸೀಳಿ, ಬಿಸಿಲಿಗೆ ಹಿಡಿದು, ಏನೂ ಹೇಳದೆ ವಾಪಸು ಹಾಕಿದ್ದರಂತೆ. ಬಿಳಿ-ಕಂದು ಗೆರೆಗಳ ಆ ಮುಖವನ್ನು ನಮ್ಮತ್ತ ತಿರುಗಿಸಿ ಅದು ಮಾತಿಗೆ ಒಪ್ಪಿತು. ಮುಚ್ಚಿದ ಕಂಟೇನರಿನೊಳಗೆ ನಾವು ಹೇಗೆ ಹೋದೆವೆಂದು ಓದುಗರು ಕೇಳಬಾರದು. ಕಸ್ಟಮ್ಸ್‌ನವರು ಕೇಳಿದರೆ ಆಗ ನೋಡೋಣ.

ಪ್ರಶ್ನೆ: ನಮಸ್ಕಾರ. ಯಾವೂರಾಯ್ತು?

ಅಡಿಕೆ: ನಿಮಗೆ ಹೇಳಬೇಕೋ, ಕಸ್ಟಮ್ಸ್‌ಗೆ ಹೇಳಬೇಕೋ?

ಪ್ರಶ್ನೆ: ಎರಡಕ್ಕೂ ಉತ್ತರ ಬೇರೆಯೇ?

ಅಡಿಕೆ: ನಿಮಗಾದರೆ ಸುಮಾತ್ರಾ, ಜಾಂಬಿ ಕಡೆ. ಕಸ್ಟಮ್ಸ್‌ಗೆ ಏನು ಬರೆದುಕೊಟ್ಟಿದ್ದಾರೋ ನನಗೆ ತೋರಿಸಿಲ್ಲ. ನಮ್ಮ ದಾಯಾದಿಗಳಲ್ಲಿ ಕೆಲವರು ಕೊಲಂಬೊದಲ್ಲಿ ಇಳಿದು, ಅಲ್ಲಿಯ ಗಾಳಿ ಕುಡಿದು, ಶ್ರೀಲಂಕಾದವರಾಗಿಯೇ ಇಲ್ಲಿಗೆ ಬಂದರು. ಆ ದೇಶದ ಜೊತೆ ನಿಮ್ಮದು ಮುಕ್ತ ವ್ಯಾಪಾರದ ಒಪ್ಪಂದ. ಅಲ್ಲಿ ಹುಟ್ಟಿದ್ದೆಂಬ ಸರ್ಟಿಫಿಕೇಟ್ ಇದ್ದರೆ ಸುಂಕವೇ ಇಲ್ಲ. ಇಲ್ಲದಿದ್ದರೆ ನೂರಕ್ಕೆ ನೂರು.

ಪ್ರಶ್ನೆ: ಇದನ್ನು ತಡೆಯಲೆಂದೇ 2020ರಲ್ಲಿ ಹೊಸ ನಿಯಮ ಬಂತಲ್ಲ?

ಅಡಿಕೆ: ಬಂತು. ಸರ್ಟಿಫಿಕೇಟ್ ಒಂದೇ ಸಾಲದು, ಸರಕು ನಿಜವಾಗಿ ಅಲ್ಲಿಯದೇ ಎನ್ನುವುದಕ್ಕೆ ಬೇಕಾದ ವಿವರ ಆಮದುದಾರನ ಕೈಯಲ್ಲೂ ಇರಬೇಕು ಅಂತ. ಒಳ್ಳೆಯ ನಿಯಮ. ಕಾಗದಕ್ಕೆ ಈಗ ಕಾಗದವೇ ಸಾಕ್ಷಿ.

ಪ್ರಶ್ನೆ: ಕನ್ನಡ ಚೆನ್ನಾಗಿ ಮಾತಾಡುತ್ತೀರಿ.

ಅಡಿಕೆ: ಹುಟ್ಟಿದ್ದೇ ಜನರ ಬಾಯಿಗೆ ಬೀಳಲು. ಭಾಷೆ ಒಂದು ದೊಡ್ಡದೇ?

ಪ್ರಶ್ನೆ: ಹಡಗು ಇಳಿದ ಮೇಲೆ ಏನೇನಾಯಿತು?

ಅಡಿಕೆ: ಇಳಿಯುವ ಮೊದಲೇ ಶುರು. ಹಡಗು ಬರುವ ಹಿಂದಿನ ದಿನದೊಳಗೆ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ವಿವರಪತ್ರ, ಹಾಕಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ನಮ್ಮ ಕ್ಲಿಯರಿಂಗ್ ಏಜೆಂಟ್ ಕಂಪ್ಯೂಟರಿಗೆ ಎಲ್ಲ ತುಂಬಿ ಗುಂಡಿ ಒತ್ತಿದ. ಅಪಾಯದ ಸರಕು ಯಾವುದು, ಸುಮ್ಮನೆ ಬಿಡಬಹುದಾದದ್ದು ಯಾವುದು ಎಂದು ಆರಿಸುವ ಒಂದು ಯಂತ್ರ ಒಳಗಿದೆ. ಅಡಿಕೆ ಅಂದ ಕೂಡಲೇ ಅದರ ಕಿವಿ ನಿಮಿರಿತು. ಆಮೇಲೆ ಕ್ವೆರಿ, ಕ್ವೆರಿಗೆ ಉತ್ತರ, ಉತ್ತರಕ್ಕೆ ಕ್ವೆರಿ. ಗಿಡದ ರೋಗ ನೋಡುವವರು ಬಂದರು, ಆಹಾರ ಸುರಕ್ಷತೆಯವರು ಬಂದರು. ಸರಕನ್ನು ಹೊರಗೆ ಬಿಡುವ ‘ಔಟ್ ಆಫ್ ಚಾರ್ಜ್’ ಎಂಬ ಅಪ್ಪಣೆ ಒಂದು ಬಿಟ್ಟು ಎಲ್ಲವೂ ಬಂತು. ಕಂಟೇನರ್ ತಡೆದಿಟ್ಟಿದ್ದಕ್ಕೆ ಶಿಪ್ಪಿಂಗ್ ಲೈನ್‌ನ ಬಾಡಿಗೆ, ನೆಲದ ಮೇಲೆ ಕೂತಿದ್ದಕ್ಕೆ ಯಾರ್ಡಿನ ಬಾಡಿಗೆ ಮಾತ್ರ ಯಾವ ಕ್ವೆರಿಯೂ ಇಲ್ಲದೆ ಏರುತ್ತಿದೆ.

ಪ್ರಶ್ನೆ: ಅಧಿಕಾರಿಯನ್ನು ಕಂಡು ವಿವರಿಸಬಹುದಿತ್ತು.

ಅಡಿಕೆ: ಯಾವ ಅಧಿಕಾರಿ? ಈಗ ಮುಖವಿಲ್ಲದ ಮೌಲ್ಯಮಾಪನ ಸ್ವಾಮಿ. 2020ರ ಜೂನ್ 8ಕ್ಕೆ ನಿಮ್ಮ ಬೆಂಗಳೂರು ಮತ್ತು ಈ ಚೆನ್ನೈಯಲ್ಲೇ ಮೊದಲು ಶುರುವಾದದ್ದು, ಅದೇ ಅಕ್ಟೋಬರ್ ಕೊನೆಗೆ ದೇಶಕ್ಕೆಲ್ಲ ಬಂತು. ನಾನು ಇಲ್ಲಿ, ನನ್ನ ಕಾಗದ ನೋಡುವವರು ಇನ್ಯಾವುದೋ ಊರಲ್ಲಿ. ಲಂಚಕ್ಕೆ ಕೈ ಚಾಚಲು ಮುಖಾಮುಖಿಯೇ ಇಲ್ಲ ಎನ್ನುವುದು ಒಳ್ಳೆಯದೇ. ಆದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಕಾದರೆ ಸುಂಕದವನಾದರೂ ಕಾಣಬೇಕಲ್ಲ!

ಪ್ರಶ್ನೆ: ಬೆಲೆ ಎಷ್ಟು ಬರೆದಿದ್ದಾರೆ ನಿಮಗೆ?

ಅಡಿಕೆ: ಅಲ್ಲೇ ಇರುವುದು ತಮಾಷೆ. ಬೇರೆ ಸರಕು ತರಿಸುವವರು ಸುಂಕ ಉಳಿಸಲು ಬೆಲೆ ಇಳಿಸಿ ಬರೆದು ಸಿಕ್ಕಿಬೀಳುತ್ತಾರೆ. ನನ್ನನ್ನು ತರಿಸುವವರು ಏರಿಸಿ ಬರೆದು ಸಿಕ್ಕಿಬೀಳುತ್ತಾರೆ. ನಿಮ್ಮ ಸರಕಾರ ನನಗೆ ಕನಿಷ್ಠ ಆಮದು ಬೆಲೆ ಇಟ್ಟಿದೆಯಲ್ಲ, ಕಿಲೋಗೆ 351 ರೂಪಾಯಿ? 2023ರ ಫೆಬ್ರವರಿಯಲ್ಲಿ 251ರಿಂದ ಏರಿಸಿದ್ದು. ಅದಕ್ಕಿಂತ ಕಡಿಮೆ ಬೆಲೆಯವನಾದರೆ ನನಗೆ ಪ್ರವೇಶವೇ ನಿಷಿದ್ಧ. ಹಾಗಾಗಿ ತೋಟದಲ್ಲಿ ಅಗ್ಗಕ್ಕೆ ಸಿಕ್ಕಿದವನು ಇನ್‌ವಾಯ್ಸಿನಲ್ಲಿ ದಿಢೀರನೆ ಶ್ರೀಮಂತನಾಗುತ್ತೇನೆ. ಸೊನ್ನೆ ಸುಂಕದ ಸರ್ಟಿಫಿಕೇಟ್ ಜೊತೆಗಿದ್ದರೆ ಎಷ್ಟು ಬರೆದರೂ ನಷ್ಟವಿಲ್ಲ. ಹೆಚ್ಚಿಗೆ ಕಳಿಸಿದ ದುಡ್ಡು ಯಾವ ದಾರಿಯಲ್ಲಿ ವಾಪಸಾಗುತ್ತದೆ ಎಂದು ಕೇಳಬೇಡಿ, ಆ ಕಂಟೇನರಿನಲ್ಲಿ ನಾನಿರಲಿಲ್ಲ.

ಪ್ರಶ್ನೆ: ಸರ್ಟಿಫಿಕೇಟ್ ಇಲ್ಲದೆ, ನೇರವಾಗಿ, ಪ್ರಾಮಾಣಿಕವಾಗಿ ಬಂದರೆ?

ಅಡಿಕೆ: ಲೆಕ್ಕ ಹಾಕಿ. 351 ಬೆಲೆ, ಅದರ ಮೇಲೆ ನೂರಕ್ಕೆ ನೂರು ಸುಂಕ. ಸುಂಕ ಹಾಕುವುದಾದರೂ ಇನ್‌ವಾಯ್ಸ್ ನೋಡಿ ಅಲ್ಲ. ಚಿನ್ನ, ಬೆಳ್ಳಿ, ತಾಳೆಎಣ್ಣೆಗಳ ಜೊತೆ ನನಗೂ ಸರಕಾರವೇ ಡಾಲರಿನಲ್ಲಿ ಬೆಲೆ ಕಟ್ಟಿ ಅಧಿಸೂಚನೆ ಹೊರಡಿಸುತ್ತದೆ. ಚಿನ್ನದ ಪಂಕ್ತಿಯಲ್ಲಿ ಕೂರುವ ಭಾಗ್ಯ ಗೋಡಂಬಿಗೂ ಇಲ್ಲ! ಎಲ್ಲ ಸೇರಿ ಕಿಲೋಗೆ 700 ದಾಟುತ್ತದೆ. ಅದಕ್ಕಿಂತ ಮಂಗಳೂರಿನ ಚಾಲಿ ಅಡಿಕೆಯೇ ಅಗ್ಗ. ಮುಂಬಾಗಿಲಿಗೆ ಇಷ್ಟು ಭದ್ರವಾಗಿ ಅಗುಳಿ ಹಾಕಿದ ಮೇಲೆ ಬರುವವರೆಲ್ಲ ಹಿತ್ತಿಲಿನಿಂದ ಬರುತ್ತಾರೆ, ಇಲ್ಲವೇ ವೇಷ ಹಾಕಿ ಬರುತ್ತಾರೆ.

ಪ್ರಶ್ನೆ: ನಿಮ್ಮದು ಯಾವ ವೇಷ?

ಅಡಿಕೆ: ‘ಬೇಯಿಸಿದ ಸುಪಾರಿ’. ನಗಬೇಡಿ. ಸುಂಕದ ಪಟ್ಟಿಯಲ್ಲಿ ನನ್ನ ಜಾಗ 8ನೇ ಅಧ್ಯಾಯ, ಹಣ್ಣು ಮತ್ತು ಬೀಜಗಳದ್ದು, ಬಾದಾಮಿಯ ನೆರೆಯಲ್ಲಿ. ಅಲ್ಲಿ ಇಡಿಗೆ ಒಂದು ನಂಬರು, ಹೋಳಿಗೆ ಒಂದು, ಪುಡಿಗೆ ಒಂದು. 351ರ ನಿಯಮ ಬಿಗಿದದ್ದು ಆ ನಂಬರುಗಳಿಗೆ. 21ನೇ ಅಧ್ಯಾಯಕ್ಕೆ ಹೋದರೆ ಸಾಸು, ಸೂಪು, ಐಸ್‌ಕ್ರೀಮುಗಳ ಸಹವಾಸ. ಅಲ್ಲಿ ನನ್ನ ಹೆಸರು ‘ಸುಪಾರಿ ಎಂದು ಕರೆಯುವ ಅಡಿಕೆ ಉತ್ಪನ್ನ’. ಅದಕ್ಕೊಂದು ವ್ಯಾಖ್ಯಾನ ಉಂಟು: ಸುಣ್ಣ, ಕಾಚು, ತಂಬಾಕು ಇರಕೂಡದು; ಏಲಕ್ಕಿ, ಕೊಬ್ಬರಿ, ಮೆಂಥಾಲ್ ಇದ್ದರೂ ಆದೀತು, ಇಲ್ಲದಿದ್ದರೂ ಆದೀತು. ಏನೂ ಇಲ್ಲದಿದ್ದರೂ ಆಗುವುದಾದರೆ ಬಿಸಿನೀರಲ್ಲಿ ಒಮ್ಮೆ ಮುಳುಗಿ ಎದ್ದವನು ಯಾಕಾಗಬಾರದು ಎಂದು ಒಬ್ಬ ಆಮದುದಾರನಿಗೆ ಹೊಳೆಯಿತು.

ಪ್ರಶ್ನೆ: ಇದೇನು ನ್ಯಾಯ! ನಮ್ಮ ತೀರ್ಥಹಳ್ಳಿ, ಶಿರಸಿ ಕಡೆ ಅಡಿಕೆ ಸುಲಿದು, ಹಂಡೆಯಲ್ಲಿ ಬೇಯಿಸಿ, ಚೊಗರು ಹಾಕಿ, ಅಂಗಳದಲ್ಲಿ ಒಣಗಿಸುತ್ತಾರೆ. ಬೆಟ್ಟೆ ಅನ್ನುತ್ತೇವೆ, ರಾಶಿ ಅನ್ನುತ್ತೇವೆ. ಮಾರುಕಟ್ಟೆಗೆ ಒಯ್ದರೆ ಅದು ಅಡಿಕೆಯೇ. ಐಸ್‌ಕ್ರೀಮಿನ ನೆಂಟ ಅಂತ ಯಾವ ದಲಾಲಿಯೂ ಹೇಳಿದ್ದಿಲ್ಲ.

ಅಡಿಕೆ: ಕಸ್ಟಮ್ಸ್‌ನವರ ವಾದವೂ ನಿಮ್ಮದೇ. ಒಣಹಣ್ಣನ್ನು ಕೆಡದಿರಲಿ ಎಂದು ಹದವಾಗಿ ಬಿಸಿ ಮಾಡಿದರೂ ಅದು ಒಣಹಣ್ಣೇ ಎಂದು 8ನೇ ಅಧ್ಯಾಯದ ಟಿಪ್ಪಣಿಯಲ್ಲಿದೆ. ಅಲ್ಲದೆ 2007ರಲ್ಲಿ ಅಡಿಕೆಪುಡಿ ತಯಾರಕರೊಬ್ಬರ ಅಬಕಾರಿ ಸುಂಕದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತಲ್ಲ, ಚೂರು ಮಾಡಿ ಸಿಹಿ, ಪರಿಮಳ ಬೆರೆಸಿದ ಮಾತ್ರಕ್ಕೆ ಅಡಿಕೆ ಬೇರೆ ವಸ್ತುವಾಗುವುದಿಲ್ಲ ಅಂತ? ಆದರೆ ಸರಕು ಯಾವ ಅಧ್ಯಾಯಕ್ಕೆ ಸೇರುತ್ತದೆಂದು ತರಿಸುವ ಮೊದಲೇ ಹೇಳುವ ಮುಂಗಡ ತೀರ್ಪಿನ ಪ್ರಾಧಿಕಾರ ಆಮದುದಾರರ ಕಡೆ ಹೇಳಿತು: ಬೇಯಿಸಿ ಒಣಗಿಸಿದ್ದು 21ಕ್ಕೆ ಸೇರುತ್ತದೆ. ಇಲಾಖೆ ಹೈಕೋರ್ಟಿಗೆ ಹೋಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಈಗ ಉಳಿದಿರುವ ಪ್ರಶ್ನೆ ಒಂದೇ, ನಾನು ನಿಜವಾಗಿ ಬೆಂದಿದ್ದೇನೆಯೇ?

ಪ್ರಶ್ನೆ: ಬೆಂದಿದ್ದೀರಾ?

ಅಡಿಕೆ: ಈ ಕಂಟೇನರಿನೊಳಗೆ ಚೆನ್ನೈ ಬಿಸಿಲಿಗೆ ಚೆನ್ನಾಗಿ ಬೆಂದಿದ್ದೇನೆ. ಬರುವ ಮೊದಲಿನ ಸಂಗತಿ ಲ್ಯಾಬಿನವರು ಹೇಳಬೇಕು. ಇಂಥ ಸ್ಯಾಂಪಲ್‌ಗಳು ನಿಮ್ಮ ಮಂಗಳೂರಿನ ಅಡಿಕೆ ಸಂಶೋಧನೆ ಮತ್ತು ಅಭಿವೃದ್ಧಿ ಪ್ರತಿಷ್ಠಾನಕ್ಕೂ ಹೋಗುವುದುಂಟು. ಒಂದು ಲ್ಯಾಬು ಬೆಂದಿದೆ ಎನ್ನುತ್ತದೆ, ಇನ್ನೊಂದು ಬೆಂದಿಲ್ಲ ಎನ್ನುತ್ತದೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಅನ್ನುತ್ತಾರಲ್ಲ, ನನಗದು ಗಾದೆಯಲ್ಲ, ವಿಳಾಸ.

ಪ್ರಶ್ನೆ: ಬೇಯಿಸಿದ್ದಕ್ಕೆ ತಕರಾರಾದರೆ ಹುರಿದು ಬರಬಹುದಿತ್ತು.

ಅಡಿಕೆ: ಬಂದರು. ಹುರಿದ ಅಡಿಕೆಗೆ 20ನೇ ಅಧ್ಯಾಯ. ಆ ದಾರಿ ಕಂಡು ಸರಕಾರ 2025ರಲ್ಲಿ ಅಲ್ಲಿಗೂ 351ರ ಬೇಲಿ ಎಳೆಯಿತು. ಇದೆಲ್ಲ ಬೇಡವೆಂದು ಕಾಗದದಲ್ಲಿ ಪೂರ್ತಿ ಬೇರೆಯೇ ಸರಕಿನ ಹೆಸರು ಬರೆದುಕೊಂಡು, ಒಳಗೆ ಅಡಿಕೆಯಾಗಿ ಬಂದು ಕಂದಾಯ ಗುಪ್ತಚರರ ಕೈಗೆ ಸಿಕ್ಕವರೂ ಇದ್ದಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತೀರಿ. ಅಡಿಕೆಯದೇ ಮಾನ ಹೋದರೆ ಏನು ಕೊಡುತ್ತೀರಿ?

ಪ್ರಶ್ನೆ: ಕ್ಯಾನ್ಸರ್ ವಿಷಯ...

ಅಡಿಕೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ನನ್ನನ್ನು ಮೊದಲನೇ ಗುಂಪಿನ ಕ್ಯಾನ್ಸರ್‌ಕಾರಕ ಎಂದು ಹೆಸರಿಸಿ ಇಪ್ಪತ್ತು ವರ್ಷ ದಾಟಿತು. ಆದರೂ ನಾನು ‘ತಿನ್ನಲು ಯೋಗ್ಯ’ ಎಂಬ ಲ್ಯಾಬ್ ವರದಿ ತರಲೇಬೇಕು. ಮುಂದಿನ ಪ್ರಶ್ನೆ ಕೇಳಿ.

ಪ್ರಶ್ನೆ: ಕೊನೆಗೆ ನಿಮ್ಮ ಗತಿ?

ಅಡಿಕೆ: ಬಿಟ್ಟರೆ ಗುಟ್ಕಾ, ಪಾನ್ ಮಸಾಲಾ ಕಾರ್ಖಾನೆ. ಬಿಡದಿದ್ದರೆ ಮುಟ್ಟುಗೋಲು, ದಂಡ ಕಟ್ಟಿ ಬಿಡಿಸಿಕೊಳ್ಳುವ ಅರ್ಜಿ, ಇಲ್ಲವೇ ಹಡಗು ಹತ್ತಿ ವಾಪಸು. ಮಾಲೀಕ ಕೈಬಿಟ್ಟ ಸರಕನ್ನು, ಇಳಿಸಿ 30 ದಿನ ಕಳೆದ ಮೇಲೆ, ನೋಟಿಸ್ ಕೊಟ್ಟು ಮಾರಲು 1962ರ ಕಸ್ಟಮ್ಸ್ ಕಾಯ್ದೆಯಲ್ಲೇ ಅವಕಾಶವಿದೆ. ಅಂದರೆ ಹರಾಜಿನಲ್ಲಿ ಹೋದರೂ ನಾನು ಹೋಗುವುದು ಇದೇ ದೇಶದ ಪೇಟೆಗೆ.

ಪ್ರಶ್ನೆ: ನಮ್ಮ ರೈತ ಏನು ಮಾಡಬೇಕು? ಜಗತ್ತಿನಲ್ಲೇ ಹೆಚ್ಚು ಅಡಿಕೆ ಬೆಳೆಯುವ ದೇಶ ನಮ್ಮದು, ದೇಶದೊಳಗೆ ಕರ್ನಾಟಕವೇ ಮುಂದು. ನೀವು ಬಂದಿಳಿದ ಸುದ್ದಿ ಬಂದರೆ ಸಾಕು, ಮಲೆನಾಡಿನಲ್ಲಿ ಎದೆ ಧಸಕ್ಕೆನ್ನುತ್ತದೆ.

ಅಡಿಕೆ: ನನ್ನನ್ನು ಬೈದು ಫಲವಿಲ್ಲ. ಭೂತಾನಿನ ಹಸಿ ಅಡಿಕೆ 17,000 ಟನ್ ವರ್ಷವರ್ಷ ಕನಿಷ್ಠ ಬೆಲೆಯ ಹಂಗಿಲ್ಲದೆ ಗಡಿಯ ಜೈಗಾಂವ್ ದಾರಿಯಲ್ಲಿ ಬರಲಿ ಎಂದು 2022ರಲ್ಲಿ ಅಪ್ಪಣೆ ಕೊಟ್ಟವರು ದಿಲ್ಲಿಯವರೇ. 351 ಸಾಲದು, ಇನ್ನೂ ಏರಿಸಿ ಎಂದು ಅವರಿಗೇ ಮನವಿ ಬರೆಯುತ್ತಿದ್ದೀರಿ. ಏರಿಸಿದಷ್ಟೂ 8 ಮತ್ತು 20ನೇ ಅಧ್ಯಾಯಗಳ ಬಾಗಿಲಷ್ಟೇ ದಪ್ಪವಾಗುತ್ತದೆ. ಆ ಮನವಿಯ ಕೆಳಗೆ ಇನ್ನೊಂದು ಸಾಲು ಸೇರಿಸಿ: ಬೇಯಿಸಿದ್ದಿರಲಿ, ಹುರಿದದ್ದಿರಲಿ, ಹೋಳಿರಲಿ, ಪುಡಿಯಿರಲಿ, ಯಾವ ಅಧ್ಯಾಯದಿಂದ ಬಂದರೂ ಅಡಿಕೆಗೆ ಒಂದೇ ಕನಿಷ್ಠ ಬೆಲೆ, ಒಂದೇ ಸುಂಕ ಇರಲಿ.