ಬೊಂಬಾಯಿಯಲ್ಲಿ ಪ್ರಜಾಪ್ರಭುತ್ವ ಪ್ರಸಾರ: ಒಂದು ಶಾಸ್ತ್ರೀಯ ವಿವೇಚನೆ

ಬಲಿಷ್ಠ ರಾಷ್ಟ್ರವೊಂದು ಕಡಲು ದಾಟಿ ಹೋಗಿ ಅನ್ಯರಿಗೆ ಪ್ರಜಾಪ್ರಭುತ್ವ ಕಲಿಸುವ ವಿದ್ಯೆ ಈಚೆಗೆ ಇರಾಕ್, ಅಫ್ಘಾನಿಸ್ತಾನಗಳಲ್ಲಿ ಹುಟ್ಟಿತೆಂಬುದು ಪೂರ್ವಪಕ್ಷ. ಇದು ಅಸಾಧು. ಈ ವಿದ್ಯೆಯ ಪುರಾತನ ಪೀಠಗಳಲ್ಲಿ ಮುಂಬಯಿಯೂ ಒಂದೆಂದು ಸಪ್ರಮಾಣವಾಗಿ ಸ್ಥಾಪಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಕ್ಷೇತ್ರಪರಿಚಯ. ಪೋರ್ತುಗಲ್ಲಿನ ರಾಜಕುಮಾರಿ ಕ್ಯಾಥರೀನಳ ಮದುವೆಯ ಕರಾರಿನಂತೆ 1661ರಲ್ಲಿ ಈ ಊರು ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ವರದಕ್ಷಿಣೆಯಾಗಿ ಸಂದಿತು. ಅಳಿಯ ಮಹಾರಾಯ 1668ರಲ್ಲಿ ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಎರಡೂ ಸಲ ಇಲ್ಲಿನ ಬೆಸ್ತರನ್ನು ಯಾರೂ ಕೇಳಲಿಲ್ಲ. ತಮ್ಮನ್ನು ಕೇಳಬೇಕಿತ್ತೆಂದು ತಿಳಿಯಲು ಅವರಿಗಿನ್ನೂ ಪ್ರಜಾಪ್ರಭುತ್ವದ ಶಿಕ್ಷಣವಾಗಿರಲಿಲ್ಲ.

ಶಿಕ್ಷಣ ಶುರುವಾದದ್ದು 1872ರಲ್ಲಿ. ಕಾರ್ಪೊರೇಷನ್ನಿನ 64 ಸ್ಥಾನಗಳಲ್ಲಿ 32ನ್ನು ಕಂದಾಯ ಕಟ್ಟುವವರು ಆರಿಸಬಹುದು. ಉಳಿದರ್ಧ ಸರ್ಕಾರದ್ದು ಮತ್ತು ಸರ್ಕಾರವೇ ನೇಮಿಸಿದ ಜಸ್ಟಿಸ್ ಆಫ್ ದಿ ಪೀಸ್‌ಗಳದ್ದು. ಪ್ರಜೆ ಪಕ್ವನಾದನೋ ಇಲ್ಲವೋ ಎಂದಳೆಯುವ ಉಪಕರಣ ಕಂದಾಯದ ರಸೀದಿ. ಚಾಳಿನ ಖೋಲಿಯಲ್ಲಿ ಬಾಡಿಗೆಗಿದ್ದ ಗಿರಣಿ ಕೂಲಿಯ ಬಳಿ ಅದಿರಲಿಲ್ಲ, ಆದಕಾರಣ ಆತ ಅಪಕ್ವ. 1888ರ ಕಾಯ್ದೆ ಸದಸ್ಯರ ಸಂಖ್ಯೆಯನ್ನು 72ಕ್ಕೇರಿಸಿತು. ಸದಸ್ಯರು ಮಾತಾಡಬೇಕು, ಸರ್ಕಾರ ಕಳಿಸಿದ ಕಮಿಷನರ್ ಕೆಲಸ ಮಾಡಿಸಬೇಕು ಎಂಬ ಶ್ರಮವಿಭಜನೆಯೂ ಅದರಲ್ಲಿತ್ತು.

ಶಂಕೆ: ಶಿಷ್ಯ ನಿಜವಾಗಿಯೂ ಪಾಠ ಕಲಿತುಬಿಟ್ಟರೆ? ಸಮಾಧಾನ 1907ರಲ್ಲಿ ದೊರೆಯುತ್ತದೆ. ಕಾರ್ಪೊರೇಷನ್ ಸದಸ್ಯ ಫಿರೋಜ್‌ಷಾ ಮೆಹ್ತಾ 1888ರ ಕಾಯ್ದೆಯ ಒಂದೊಂದು ಕಲಮನ್ನೂ ಬಲ್ಲವರು, ಸಭೆಯಲ್ಲಿ ಬಹುಮತವನ್ನೂ ಗಳಿಸಬಲ್ಲವರು. ಇದು ಪಠ್ಯಕ್ರಮ ಮೀರಿದ ಕಲಿಕೆ. ಅಕೌಂಟೆಂಟ್ ಜನರಲ್ ಹ್ಯಾರಿಸನ್, ಪೊಲೀಸ್ ಕಮಿಷನರ್ ಗೆಲ್, 'ಟೈಮ್ಸ್ ಆಫ್ ಇಂಡಿಯಾ' ಸಂಪಾದಕ ಲೊವಾಟ್ ಫ್ರೇಸರ್ ಕೂಡಿಕೊಂಡು ತಮ್ಮದೇ ಪಟ್ಟಿಗೆ ಮತ ಒಟ್ಟುಗೂಡಿಸಿದರು. ಜಸ್ಟಿಸ್‌ಗಳ 16 ಸ್ಥಾನಗಳಿಗೆ ಮೆಹ್ತಾ 17ನೆಯವರಾಗಿ ಬಿದ್ದರು. ಚುನಾವಣೆಯೂ ನಡೆಯಿತು, ಬೇಡದವನೂ ಸೋತ. ಶಾಸ್ತ್ರಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ಬೇಕೆ? ಗೆದ್ದವರಲ್ಲೊಬ್ಬರು ಅನರ್ಹರೆಂದಾಗಿ ಮೆಹ್ತಾ ಮತ್ತೆ ಒಳಗೆ ಬಂದದ್ದು ಪ್ರಯೋಗದ ದೋಷವೇ ಹೊರತು ಸಿದ್ಧಾಂತದ್ದಲ್ಲ. (ಬೋರಿಬಂದರ್ ಸ್ಟೇಷನ್ನಿನಿಂದ ಹೊರಬಂದರೆ ಎದುರಿಗೇ ಆ ದೋಷದ ಪ್ರತಿಮೆ ನಿಂತಿದೆ.)

ಬಹುಮತದ ತತ್ತ್ವವನ್ನು 1908ರಲ್ಲಿ ಹೈಕೋರ್ಟಿಗೂ ವಿಸ್ತರಿಸಲಾಯಿತು. ತಿಲಕರ ರಾಜದ್ರೋಹದ ವಿಚಾರಣೆಗೆ ಜ್ಯೂರಿಯಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ತೀರ್ಪು ಏಳಕ್ಕೆ ಎರಡು. ಶಿಕ್ಷೆ ಆರು ವರ್ಷ. ಗಿರಣಿ ಕೂಲಿಗಳು ವರ್ಷಕ್ಕೊಂದು ದಿನದ ಲೆಕ್ಕದಲ್ಲಿ ಆರು ದಿನ ಗಿರಣಿ ನಿಲ್ಲಿಸಿದರು. ರಸೀದಿಯಿಲ್ಲದ ಮತವಾದ್ದರಿಂದ ಅದು ಎಣಿಕೆಗೆ ಬರಲಿಲ್ಲ.

1919ರ ಸುಧಾರಣೆಯೋ, ಸೊಸೆಗೆ ಅಡುಗೆಮನೆ ಒಪ್ಪಿಸಿ ಉಗ್ರಾಣದ ಕೀಲಿಯನ್ನು ಸೊಂಟದಲ್ಲೇ ಉಳಿಸಿಕೊಂಡ ಅತ್ತೆಯದು. ಶಿಕ್ಷಣ, ಆರೋಗ್ಯ ಭಾರತೀಯ ಮಂತ್ರಿಗಳಿಗೆ. ಹಣಕಾಸು, ಪೊಲೀಸು ಗವರ್ನರ್ ಕಡೆಗೆ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕನ್ನಡಿಗರೂ ಆಗ ಇದೇ ಬೊಂಬಾಯಿ ಪ್ರಾಂತದವರು. ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು 1930ರ ದಶಕದಲ್ಲಿ ಇಲ್ಲಿ ಶಿಕ್ಷಣ ಮಂತ್ರಿಯಾದದ್ದು ಈ ಅಡುಗೆಮನೆಯಲ್ಲೇ.

ಕಲಿಕೆ ಎಲ್ಲಿಗೆ ಬಂತೆಂದು ಪರೀಕ್ಷಿಸಲು 1928ರ ಫೆಬ್ರವರಿ 3ರಂದು ಸೈಮನ್ ಆಯೋಗ ಬೊಂಬಾಯಿಗೆ ಬಂದಿಳಿಯಿತು. ಏಳು ಸದಸ್ಯರು, ಒಬ್ಬನೂ ಭಾರತೀಯನಲ್ಲ. ಪರೀಕ್ಷೆಯ ಮಂಡಳಿಯಲ್ಲಿ ವಿದ್ಯಾರ್ಥಿಗೇನು ಕೆಲಸ? ಊರು ಕಪ್ಪು ಬಾವುಟ ಹಿಡಿದು ಹರತಾಳ ಮಾಡಿತು. 1941ರಲ್ಲಿ ಅಟ್ಲಾಂಟಿಕ್ ಸನ್ನದು ಎಲ್ಲ ಜನಾಂಗಗಳಿಗೂ ತಮ್ಮ ಸರ್ಕಾರವನ್ನು ಆರಿಸಿಕೊಳ್ಳುವ ಹಕ್ಕಿದೆಯೆಂದಾಗ, ಅದು ಮುಖ್ಯವಾಗಿ ನಾಜಿಗಳ ಕೈಗೆ ಸಿಕ್ಕ ಯುರೋಪಿಗೆ ಅನ್ವಯವೆಂದು ಚರ್ಚಿಲ್ ಭಾಷ್ಯ ಬರೆದರು. ಮರುವರ್ಷ ಆಗಸ್ಟ್ 8ರಂದು ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಕಾಂಗ್ರೆಸ್ ಮೂಲವನ್ನೇ ಓದಿತು. ಬೆಳಗಾಗುವಷ್ಟರಲ್ಲಿ ಅದರ ಪ್ರಮುಖ ನಾಯಕರೆಲ್ಲ ಬಂಧನದಲ್ಲಿದ್ದರು.

ಗುರು 1947ರಲ್ಲಿ ಹೋದ, 1888ರ ಕಾಯ್ದೆ ಉಳಿಯಿತು. ಶಿಷ್ಯರು ಅದನ್ನು ಗುರುವಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡರೆಂಬುದೇ ಪ್ರಬಂಧಕಾರನ ಸಿದ್ಧಾಂತ. ಗುರುವಿಗೆ ಅರ್ಧ ಸದಸ್ಯರನ್ನಾದರೂ ಚುನಾಯಿಸಬೇಕೆನ್ನಿಸಿತ್ತು. 2022ರ ಮಾರ್ಚಿನಲ್ಲಿ ಮುಂಬಯಿ ಮಹಾನಗರಪಾಲಿಕೆಯ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಒಬ್ಬ ಚುನಾಯಿತ ಸದಸ್ಯನೂ ಇಲ್ಲದೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯೇ ಊರು ನಡೆಸಿದರು.